ವಿಜಯಪದಕಗಳು: ಸಂಗ್ರಾಹಕರಿಗೆ ಕೆಲವು ಸೂಚನೆಗಳು

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ನಮ್ಮ ಹೆಬ್ಬೂರು ಯುದ್ಧಚರಿತ್ರೆಯ ಗ್ರಂಥಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವ ಊರಲ್ಲ. ಆದರೂ ಇಲ್ಲಿಂದ ಹೊರಟು ಕುಣಿಗಲ್ಲನ್ನು ದಾಟಿದವನಿಗೆ ಒಂದೇ ದಿವಸದಲ್ಲಿ ಹುತ್ರಿದುರ್ಗವನ್ನೂ ಹುಲಿಯೂರುದುರ್ಗವನ್ನೂ ನೋಡಿಕೊಂಡು ಮನೆಗೆ ಹಿಂದಿರುಗುವುದು ಸಾಧ್ಯ. 1791ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಹುಲಿಯೂರುದುರ್ಗವೂ, ಆ ವರ್ಷದ ಡಿಸೆಂಬರ್ 21ರಂದು ಮಾಗಡಿ ಸೀಮೆಯ ಸಾವನದುರ್ಗವೂ, ಅದಾದ ಮೂರನೆಯ ದಿನಕ್ಕೆ, ಎಂದರೆ ಕ್ರಿಸ್ತಹಬ್ಬದ ಮುನ್ನಾದಿನ, ಹುತ್ರಿದುರ್ಗವೂ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದವು. ಆ ದಂಡಯಾತ್ರೆಯ ಸ್ಮರಣೆಗಾಗಿ ಕಲ್ಕತ್ತೆಯಲ್ಲಿ ಒಂದು ಪದಕವೂ ಇಂಗ್ಲೆಂಡಿನಲ್ಲಿ ಮತ್ತೊಂದು ಪದಕವೂ ಅಚ್ಚಾದವು. ಏಳೆಂಟು ವರ್ಷಗಳ ತರುವಾಯ ಶ್ರೀರಂಗಪಟ್ಟಣದ ಪತನವನ್ನು ಕುರಿತು ಇನ್ನೂ ಪ್ರಸಿದ್ಧವಾದ ಮೂರನೆಯದೊಂದು ಹೊರಬಿದ್ದಿತು. ಯೂರೋಪಿನ ಯುದ್ಧವಿಜಯಗಳ ಸ್ಮಾರಕಪದಕಗಳನ್ನು ಸಂಗ್ರಹಿಸಬೇಕೆಂಬ ಹಂಬಲ ನಮ್ಮ ಕಡೆಯ ತರುಣರಿಗೆ ಹುಟ್ಟಿದರೆ, ಅವರು ಪ್ಯಾರಿಸ್ಸಿನ ಅಥವಾ ನ್ಯೂರೆಂಬರ್ಗಿನ ಬಿಲ್ಲೆಗಳಿಂದ ಆರಂಭಿಸದೆ, ಯಾವ ಕೋಟೆಯ ಮೆಟ್ಟಿಲನ್ನು ತಾವು ಹತ್ತಿ ನೋಡಬಲ್ಲರೋ ಆ ಕೋಟೆಯ ಯುದ್ಧಕ್ಕೆ ಸಂಬಂಧಪಟ್ಟ ಪದಕದಿಂದಲೇ ಆರಂಭಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಪದಕವು ಗೆದ್ದವನು ಹೇಳಿದ ಮಾತು. ನೆಲವನ್ನು ಬಲ್ಲವನಿಗೆ ಆ ಮಾತಿನಲ್ಲಿ ಎಷ್ಟು ಸತ್ಯ, ಎಷ್ಟು ಅಲಂಕಾರ, ಎಷ್ಟು ಮೌನ ಇದೆಯೆಂದು ತೂಗಿನೋಡುವ ಅನುಕೂಲ ಇರುತ್ತದೆ.

ನಾಣ್ಯಕ್ಕೂ ಪದಕಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ನಾಣ್ಯವು ಚಲಾವಣೆಗಾಗಿ ಹುಟ್ಟಿದುದರಿಂದ ಅದರ ತೂಕ, ಲೋಹ, ಅಳತೆ ಎಲ್ಲವೂ ಕಟ್ಟಳೆಗೆ ಒಳಪಟ್ಟಿರುತ್ತವೆ. ಪದಕಕ್ಕೆ ಅಂತಹ ಬಂಧನವಿಲ್ಲ. ದೊಡ್ಡದಾಗಿ, ದಪ್ಪವಾಗಿ, ಉಬ್ಬುಚಿತ್ರವು ಬೆರಳಿಗೆ ತಗಲುವಷ್ಟು ಎತ್ತರವಾಗಿ ಅದನ್ನು ಮಾಡಬಹುದು, ಹಲವು ಲೋಹಗಳಲ್ಲಿ ಮಾಡಬಹುದು, ಮಾರಾಟಕ್ಕೂ ಮಾಡಬಹುದು. ಇಟಲಿಯ ಚಿತ್ರಕಾರ ಪಿಸನೆಲ್ಲೊ 1438ರ ಸುಮಾರಿನಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಎಂಟನೆಯ ಜಾನನ ಮುಖವನ್ನು ಎರಕದಲ್ಲಿ ಮೂಡಿಸಿದುದು ಈ ಕಲೆಯ ಆದಿಯೆಂದು ಹೇಳುವ ರೂಢಿ. ಮುಂದಿನ ಎರಡು ಶತಮಾನಗಳಲ್ಲಿ ರಾಜರ ಮುಖದ ಹಿಂಬದಿಗೆ ಯುದ್ಧವು ಬಂದು ಸೇರಿತು. 1588ರಲ್ಲಿ ಸ್ಪೇನಿನ ನೌಕಾಪಡೆಯು ಬಿರುಗಾಳಿಗೆ ಸಿಕ್ಕಿ ಚದರಿದಾಗ, ದೇವರು ಊದಿದನು, ಅವರು ಚೆದರಿದರು ಎಂಬ ಅರ್ಥದ ಲೇಖವುಳ್ಳ ಪದಕವನ್ನು ಡಚ್ಚರು ಹೊರತಂದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು ತನ್ನ ಆಳ್ವಿಕೆಯ ಮುಖ್ಯ ಘಟನೆಗಳೆಲ್ಲಕ್ಕೂ ಒಂದೇ ಅಳತೆಯ ಪದಕಮಾಲೆಯನ್ನು ಮಾಡಿಸುವುದಕ್ಕೆ ಪಂಡಿತರ ಒಂದು ಪರಿಷತ್ತನ್ನೇ ಇಟ್ಟುಕೊಂಡಿದ್ದನು. ಆ ಮಾಲೆಯ ಸಚಿತ್ರಗ್ರಂಥವು 1702ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಕ್ರಾಮ್‌ವೆಲ್ಲನ ಪಕ್ಷದವರು 1650ರ ಡನ್‌ಬಾರ್ ಯುದ್ಧಕ್ಕಾಗಿ ಥಾಮಸ್ ಸೈಮನ್ ಎಂಬ ಶಿಲ್ಪಿಯಿಂದ ಮಾಡಿಸಿದ ಪದಕವು ಅಧಿಕಾರಿಗಳಿಗಷ್ಟೇ ಅಲ್ಲದೆ ಸಾಮಾನ್ಯ ಸೈನಿಕರಿಗೂ ಸಂದದ್ದರಿಂದ ಅದಕ್ಕೆ ಚರಿತ್ರೆಯಲ್ಲಿ ಪ್ರತ್ಯೇಕವಾದ ಸ್ಥಾನವಿದೆ.

ಈ ಪರಂಪರೆಯಲ್ಲಿ ನನಗೆ ಅತ್ಯಂತ ಬೋಧಪ್ರದವಾಗಿ ಕಾಣುವುದು ಅಡ್ಮಿರಲ್ ವರ್ನನ್ನನ ಅಗ್ಗದ ಹಿತ್ತಾಳೆ ಪದಕಗಳು. 1739ರ ನವೆಂಬರಿನಲ್ಲಿ ಆತನು ಆರೇ ಹಡಗುಗಳಿಂದ ಪನಾಮಾ ತೀರದ ಪೋರ್ಟೊಬೆಲ್ಲೊವನ್ನು ಹಿಡಿದನೆಂಬ ವಾರ್ತೆ ಇಂಗ್ಲೆಂಡನ್ನು ಮುಟ್ಟಿದೊಡನೆ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಗುಂಡಿ ತಯಾರಿಸುವವರು, ಬಿಲ್ಲೆ ತಯಾರಿಸುವವರು ನೂರಕ್ಕೂ ಮಿಕ್ಕಿದ ಬಗೆಗಳಲ್ಲಿ ಪದಕಗಳನ್ನು ಒತ್ತಿ ಬೀದಿಬೀದಿಯಲ್ಲಿ ಮಾರಿದರು. ಆ ಉತ್ಸಾಹ ಎಷ್ಟಕ್ಕೆ ಹೋಯಿತೆಂದರೆ, 1741ರಲ್ಲಿ ಆತನು ಕಾರ್ಟಹೇನಾ ಎಂಬ ಪಟ್ಟಣವನ್ನು ಮುತ್ತಿದಾಗ, ಫಲಿತಾಂಶ ತಿಳಿಯುವುದಕ್ಕೆ ಮುಂಚೆಯೇ, ಸ್ಪೇನಿನ ಸೇನಾನಿ ಬ್ಲಾಸ್ ಡೆ ಲೆಸೊ ಮಂಡಿಯೂರಿ ಕತ್ತಿಯನ್ನು ಒಪ್ಪಿಸುತ್ತಿರುವ ಪದಕಗಳು ಅಂಗಡಿಗೆ ಬಂದುಬಿಟ್ಟವು. ವಾಸ್ತವದಲ್ಲಿ ವರ್ನನ್ ಅಲ್ಲಿ ಸೋತು ಹಿಂದಿರುಗಿದನು; ಮಂಡಿಯೂರಲು ಆ ಸೇನಾನಿಗೆ ಇದ್ದದ್ದೇ ಒಂದು ಕಾಲು, ಇನ್ನೊಂದನ್ನು ಯೌವನದಲ್ಲಿಯೇ ಯುದ್ಧದಲ್ಲಿ ಕಳೆದುಕೊಂಡಿದ್ದನು. ನಡೆಯದ ವಿಜಯದ ಸ್ಮಾರಕವು ನಡೆದ ವಿಜಯದ ಸ್ಮಾರಕದಷ್ಟೇ ಗಟ್ಟಿಯಾದ ಲೋಹದಲ್ಲಿ ಇಂದಿಗೂ ಉಳಿದಿದೆ. ಪದಕವನ್ನು ಕೈಗೆತ್ತಿಕೊಳ್ಳುವ ಹೊಸಬನಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಇನ್ನು ನಮ್ಮ ನೆಲದ ಪದಕಗಳಿಗೆ ಬರೋಣ. ಮೂರನೆಯ ಮೈಸೂರು ಯುದ್ಧದ ಸೇವೆಗಾಗಿ ಈಸ್ಟ್ ಇಂಡಿಯಾ ಕಂಪೆನಿಯು ಕಲ್ಕತ್ತೆಯಲ್ಲಿ ಮಾಡಿಸಿದ ಪದಕವು ಭಾರತೀಯ ಸಿಪಾಯಿಗಳಿಗೂ ಭಾರತೀಯ ಅಧಿಕಾರಿಗಳಿಗೂ ಮಾತ್ರ ಕೊಡತಕ್ಕದ್ದಾಗಿತ್ತು. ಅದರ ಮುಂಬದಿಯಲ್ಲಿ ಒಬ್ಬ ಸಿಪಾಯಿ, ಒಂದು ಕೈಯಲ್ಲಿ ಬ್ರಿಟಿಷರ ಬಾವುಟವನ್ನೂ ಇನ್ನೊಂದರಲ್ಲಿ ತಲೆಕೆಳಗಾದ ಶತ್ರುವಿನ ಬಾವುಟವನ್ನೂ ಹಿಡಿದು, ಗಾಲಿಯಿಂದ ಉರುಳಿಬಿದ್ದ ಫಿರಂಗಿಯ ಮೇಲೆ ಕಾಲಿಟ್ಟು ನಿಂತಿದ್ದಾನೆ; ಹಿನ್ನೆಲೆಯಲ್ಲಿ ಕೋಟೆ. ಹಿಂಬದಿಯಲ್ಲಿ ಎಲೆಗಳ ಮಾಲೆಯೊಳಗೆ 1791 ಮತ್ತು 1792ರಲ್ಲಿ ಮೈಸೂರಿನಲ್ಲಿ ಸಲ್ಲಿಸಿದ ಸೇವೆಗಾಗಿ ಎಂಬ ಇಂಗ್ಲಿಷ್ ಲೇಖವೂ, ಸುತ್ತಲೂ ಅದೇ ಅರ್ಥದ ಪಾರಸಿ ಲೇಖವೂ ಇವೆ. ಚಿನ್ನದಲ್ಲಿಯೂ ಬೆಳ್ಳಿಯಲ್ಲಿಯೂ ಮಾಡಿದ ಈ ಪದಕವು ಎರಡು ಅಳತೆಗಳಲ್ಲಿ ಬಂದಿದೆ. ದೊಡ್ಡದರ ವ್ಯಾಸ ಸುಮಾರು 43 ಮಿಲಿಮೀಟರ್, ಚಿಕ್ಕದರದು ಸುಮಾರು 38. ಹಳದಿ ಹುರಿಯಲ್ಲಿ ಕಟ್ಟಿ ಇದನ್ನು ಕೊರಳಲ್ಲಿ ಧರಿಸುತ್ತಿದ್ದರು. ಕಂಪೆನಿಯ ಸಿಪಾಯಿಯನ್ನೇ ವಿಜಯಿಯಾಗಿ ಮುಂಬದಿಯಲ್ಲಿ ನಿಲ್ಲಿಸಿರುವುದು ಇದರ ವೈಶಿಷ್ಟ್ಯ. ಯೂರೋಪಿನಲ್ಲಿ ಮಾರಾಟಕ್ಕೆಂದು ಆದ ಪದಕಗಳಲ್ಲಿ ಅವನಿಗೆ ಇಂತಹ ಸ್ಥಾನ ದೊರೆಯಲಿಲ್ಲ.

ಅದೇ ಯುದ್ಧವನ್ನು ಕುರಿತು ಬರ್ಮಿಂಗ್‌ಹ್ಯಾಮಿನ ಬಳಿಯ ಸೊಹೊ ಟಂಕಸಾಲೆಯಿಂದ ಬಂದ ಕಾರ್ನ್‌ವಾಲಿಸ್ ಪದಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೊಹೊ ಟಂಕಸಾಲೆಯನ್ನು 1788ರಲ್ಲಿ ಮ್ಯಾಥ್ಯೂ ಬೌಲ್ಟನ್ ಸ್ಥಾಪಿಸಿದನು. ಜೇಮ್ಸ್ ವಾಟನ ಉಗಿಯಂತ್ರದ ಶಕ್ತಿಯಿಂದ ಅಲ್ಲಿ ನಾಣ್ಯಗಳನ್ನೂ ಪದಕಗಳನ್ನೂ ಒತ್ತುತ್ತಿದ್ದರು. ಕಾನ್ರಾಡ್ ಹೈನ್ರಿಖ್ ಕ್ಯೂಖ್ಲರ್ ಎಂಬ ಕುಶಲಿಯು ಅಚ್ಚು ಕೊರೆಯುವುದಕ್ಕಾಗಿ ಅಲ್ಲಿಗೆ ಬಂದು ನೆಲೆಸಿದನು. ಆತನ ಈ ಪದಕದ ಮುಂಬದಿಯಲ್ಲಿ ಕಾರ್ನ್‌ವಾಲಿಸನ ಮುಖ. ಹಿಂಬದಿಯಲ್ಲಿ 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಆತನು ಒತ್ತೆಯಾಗಿ ಸ್ವೀಕರಿಸುವ ದೃಶ್ಯ. ಅದರ ಮೇಲೆ, ಶತ್ರುವನ್ನು ಕ್ಷಮಿಸುವುದು ಧರ್ಮವಾಗಲಿ ಎಂಬ ಅಭಿಪ್ರಾಯದ ಲ್ಯಾಟಿನ್ ವಾಕ್ಯ. ದೃಶ್ಯವೇನೋ ಕರುಣಾಪೂರ್ಣವಾಗಿದೆ, ಕೆತ್ತನೆಯೂ ಮನೋಹರವಾಗಿದೆ. ಆದರೆ ಆ ಕ್ಷಮೆಯ ಬೆಲೆಯಾಗಿ ಟಿಪ್ಪುವು ತನ್ನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತೆಂಬ ಸಂಗತಿಗೆ ಆ ಬಿಲ್ಲೆಯ ಮೇಲೆ ಎಡೆಯಿಲ್ಲ. ಆ ಮಕ್ಕಳಿಗಾದರೋ ಇನ್ನೂ ಬಾಲ್ಯ ಕಳೆದಿರಲಿಲ್ಲ.

ಸಂಗ್ರಾಹಕರೆಲ್ಲರೂ ಬಯಸುವ ಪದಕವು 1799ರ ಶ್ರೀರಂಗಪಟ್ಟಣದ್ದು. ಇದರ ಅಚ್ಚನ್ನು ಕೊರೆದವನೂ ಕ್ಯೂಖ್ಲರನೇ; ಅವನ ಹೆಸರಿನ ಮೂರು ಮೊದಲಕ್ಷರಗಳನ್ನು ಬಿಲ್ಲೆಯ ಮೇಲೆ ಹುಡುಕಿದರೆ ಕಾಣಬಹುದು. ಮುಂಬದಿಯಲ್ಲಿ ಸಿಂಹವು ಹುಲಿಯನ್ನು ಕೆಡವಿ ಮೇಲೇರಿ ಅದುಮುತ್ತಿದೆ. ಹಿಂದೆ ಹಾರುವ ಪತಾಕೆಯ ಮೇಲೆ ಅರಬ್ಬಿ ಲಿಪಿಯಲ್ಲಿ ಅಸದುಲ್ಲಾ ಅಲ್‌ಗಾಲಿಬ್, ಜಯಶಾಲಿಯಾದ ದೇವಸಿಂಹ, ಎಂಬ ಬಿರುದು. ಕೆಳಗೆ ರೋಮನ್ ಅಂಕಿಗಳಲ್ಲಿ ಮೇ 4ರ ತೇದಿ. ಇಲ್ಲಿ ಓದುಗನು ಸ್ವಲ್ಪ ನಿಲ್ಲಬೇಕು. ಈ ಬಿರುದು ಪ್ರವಾದಿಯ ಅಳಿಯನಾದ ಅಲಿಯದು. ಹುಲಿಯ ಮುಖದ ಆಕಾರ ಬರುವಂತೆ ಇದೇ ಅಕ್ಷರಗಳನ್ನು ಹೆಣೆದು ಟಿಪ್ಪುವು ತನ್ನ ಬಾವುಟಗಳ ಮೇಲೆ ಬರೆಯಿಸುತ್ತಿದ್ದನು. ಅವನ ಹುಲಿಯನ್ನು ಕೆಡವಿದ ಸಿಂಹದ ತಲೆಯ ಮೇಲೆ ಅವನದೇ ಬಿರುದನ್ನು ಕಂಪೆನಿಯವರು ಹಾರಿಸಿದರು. ರಾಜ್ಯದೊಡನೆ ವಾಕ್ಯವನ್ನೂ ಕಸಿದುಕೊಂಡಂತಾಯಿತು. ಇದನ್ನು ಯೋಚಿಸಿದವರು ಟಿಪ್ಪುವಿನ ಲಾಂಛನಗಳನ್ನು ಚೆನ್ನಾಗಿ ಅರಿತವರೇ ಇರಬೇಕು. ಹಿಂಬದಿಯಲ್ಲಿ ಸೈನಿಕರು ಕೋಟೆಯ ಬಿರುಕಿಗೆ ಏರುವ ನೋಟ, ನೆತ್ತಿಯ ಮೇಲೆ ಸೂರ್ಯ. ಲಗ್ಗೆ ನಡೆದದ್ದು ಮಧ್ಯಾಹ್ನವೆಂಬುದಕ್ಕೆ ಆ ಸೂರ್ಯನೇ ಸಾಕ್ಷಿ. ಕೆಳಗಿನ ಪಾರಸಿ ಲೇಖದಲ್ಲಿ ಶ್ರೀರಂಗಪಟ್ಟಣದ ಕೋಟೆಯು ಭಗವಂತನ ಕೊಡುಗೆಯೆಂದೂ ಹಿಜರಿ 1213ರ ಜುಲ್ಕಾದ ಮಾಸದ 28ನೆಯ ದಿನವೆಂದೂ ಇದೆ.

ಈ ಪದಕವನ್ನು ದರ್ಜೆಗೆ ತಕ್ಕಂತೆ ಐದು ಲೋಹಗಳಲ್ಲಿ ಹಂಚಿದರು: ಮೇಲಿನ ಸೇನಾಪತಿಗಳಿಗೆ ಚಿನ್ನ, ಅವರ ಕೆಳಗಿನ ಹಿರಿಯ ಅಧಿಕಾರಿಗಳಿಗೆ ಚಿನ್ನದ ಮುಲಾಮಿನ ಬೆಳ್ಳಿ, ಕ್ಯಾಪ್ಟನ್ ಮೊದಲಾದವರಿಗೆ ಬೆಳ್ಳಿ, ಹವಾಲ್ದಾರರ ಅಂತಸ್ತಿನವರಿಗೆ ಕಂಚು, ಸಾಮಾನ್ಯ ಸಿಪಾಯಿಗಳಿಗೂ ಗೋರಾ ಸೋಲ್ಜರುಗಳಿಗೂ ತವರ. ಗೆಲವು ಒಂದೇ, ಚಿತ್ರ ಒಂದೇ, ಆದರೆ ಬಿರುಕನ್ನು ಮೊದಲು ಏರಿದವನ ಕೈಗೆ ಬಂದದ್ದು ಪಾತ್ರೆಗೆ ಕಲಾಯಿ ಹಾಕುವ ಲೋಹ. ಸಂಗ್ರಾಹಕನ ದೃಷ್ಟಿಯಿಂದ ಹೇಳುವುದಾದರೆ, ಹೆಚ್ಚಿನ ಸಂಖ್ಯೆಯಲ್ಲಿ ಆದದ್ದು ತವರದ್ದೇ. ಆದರೆ ಅದು ಮೃದುಲೋಹವಾದ್ದರಿಂದ ಸವೆಯದೆ, ಬಾಗದೆ, ಗೀರಿಲ್ಲದೆ ಉಳಿದದ್ದು ವಿರಳ. ಆದಕಾರಣ ಒಳ್ಳೆಯ ಸ್ಥಿತಿಯಲ್ಲಿರುವ ತವರದ ಪದಕವೊಂದು ಸಾಧಾರಣ ಸ್ಥಿತಿಯ ಕಂಚಿನದಕ್ಕಿಂತ ಆದರಣೀಯವಾಗಬಹುದು. ಮಿತವಾದ ಹಣವುಳ್ಳವನು ಕಂಚಿನದನ್ನು ಹುಡುಕುವುದು ವಿವೇಕವೆಂದು ನಾನು ಹೇಳುತ್ತೇನೆ. ಚಿತ್ರದ ಸೂಕ್ಷ್ಮಗಳು ಕಂಚಿನಲ್ಲಿ ಉಳಿದಷ್ಟು ಬೇರೆಲ್ಲಿಯೂ ಉಳಿಯುವುದಿಲ್ಲ, ಕಳ್ಳನ ಕಣ್ಣೂ ಅದರ ಮೇಲೆ ಅಷ್ಟಾಗಿ ಬೀಳುವುದಿಲ್ಲ.

ಸೊಹೊದಲ್ಲಿ ಆದವುಗಳ ವ್ಯಾಸ ಸುಮಾರು 48 ಮಿಲಿಮೀಟರ್. ಕಲ್ಕತ್ತೆಯ ಟಂಕಸಾಲೆಯಲ್ಲಿಯೂ ಇದೇ ಚಿತ್ರವನ್ನು ಅನುಸರಿಸಿ ಬೇರೆ ಅಚ್ಚಿನಿಂದ ಒತ್ತಿದ ಪದಕಗಳುಂಟು. ಅವು ಸುಮಾರು 45 ಮಿಲಿಮೀಟರಿನವು, ಕೆತ್ತನೆಯಲ್ಲಿ ಕ್ಯೂಖ್ಲರನ ಕೈಯ ನಯವಿಲ್ಲ. ಚಿಕ್ಕದೆಂಬ ಕಾರಣಕ್ಕೆ ಅವನ್ನು ನಕಲಿಯೆಂದು ತಳ್ಳಬಾರದು. ಈ ಪದಕಗಳನ್ನು ಕೊಂಡಿಯಿಲ್ಲದೆ, ಪಡೆದವನ ಹೆಸರನ್ನು ಕೊರೆಯದೆ ಹಂಚಿದ್ದರಿಂದ, ಧರಿಸಬೇಕೆನಿಸಿದವರು ತಮ್ಮ ಊರಿನ ಅಕ್ಕಸಾಲಿಗರಿಂದ ಕೊಂಡಿಯನ್ನೋ ಬಳೆಯನ್ನೋ ಬೆಸೆಯಿಸಿಕೊಂಡರು, ಕೆಲವರು ತೂತು ಕೊರೆಸಿದರು. ಕಳಂಕವಿಲ್ಲದ ನಾಣ್ಯವನ್ನೇ ಬಯಸುವ ಅಭ್ಯಾಸದವರು ಇಂತಹ ಬೆಸುಗೆಯನ್ನು ಕಂಡು ಮೂಗುಮುರಿಯುವುದುಂಟು. ನನಗಾದರೋ ಹಳೆಯ ಬೆಸುಗೆಯುಳ್ಳ ಪದಕವೇ ಹೆಚ್ಚು ಪ್ರಿಯ, ಏಕೆಂದರೆ ಅದನ್ನು ಒಬ್ಬ ಮನುಷ್ಯನು ಎದೆಯ ಮೇಲೆ ಹೊತ್ತಿದ್ದನೆಂಬುದಕ್ಕೆ ಅಷ್ಟಾದರೂ ಪ್ರಮಾಣ ಸಿಕ್ಕುತ್ತದೆ. ಮೊನ್ನೆ ಮೊನ್ನೆ ಮಾಡಿದ ಬೆಸುಗೆಯ ಮಾತು ಬೇರೆ.

ಕನ್ನಡಿಗರಾದ ಓದುಗರಿಗೆ ಮತ್ತೊಂದು ಪದಕವನ್ನು ಪರಿಚಯ ಮಾಡಿಕೊಡದಿದ್ದರೆ ಲೇಖನ ಅಪೂರ್ಣವಾದೀತು. 1837ರ ಏಪ್ರಿಲ್‌ನಲ್ಲಿ ಸುಳ್ಯ ಸೀಮೆಯಿಂದ ಹೊರಟ ರೈತರ ದಂಡು ಮಂಗಳೂರಿನವರೆಗೆ ನಡೆದು ಬಾವುಟಗುಡ್ಡದ ಮೇಲೆ ತನ್ನ ಧ್ವಜವನ್ನು ಏರಿಸಿತು. ಕಲ್ಯಾಣಪ್ಪನ ಕಾಟಕಾಯಿ, ಅಮರಸುಳ್ಯದ ದಂಗೆ ಎಂದು ಜನ ಅದನ್ನು ಕರೆದರು. ದಂಗೆಯನ್ನು ಅಡಗಿಸುವುದರಲ್ಲಿ ತಮಗೆ ನೆರವಾದ ಕೊಡವರಿಗೆ ಕಂಪೆನಿಯು ಒಂದು ಪದಕವನ್ನು ಕೊಟ್ಟಿತು. ಅದರ ಒಂದು ಬದಿಯಲ್ಲಿ ಎಡಗೈಯಲ್ಲಿ ಕೋವಿ, ಎತ್ತಿದ ಬಲಗೈಯಲ್ಲಿ ಕತ್ತಿ ಹಿಡಿದ ಕೊಡಗಿನ ವೀರನ ಚಿತ್ರವೂ ಅದರ ಸುತ್ತ ಕನ್ನಡದಲ್ಲಿಯೇ ಬರೆದ ಲೇಖವೂ ಇವೆ; ಏಪ್ರಿಲ್, ಮೇ ತಿಂಗಳುಗಳ ದಂಗೆಯಲ್ಲಿ ಕಂಪೆನಿ ಸರ್ಕಾರಕ್ಕೆ ತೋರಿದ ನಿಷ್ಠೆಗೆ ಕೊಟ್ಟ ಗುರುತೆಂದು ಅದರ ತಾತ್ಪರ್ಯ. ಇನ್ನೊಂದು ಬದಿಯಲ್ಲಿ ಕೊಡಗಿನ ಆಯುಧಗಳೂ ಇಂಗ್ಲಿಷ್ ಲೇಖವೂ ಇವೆ. ಕನ್ನಡದ ಅಕ್ಷರಗಳನ್ನು ಹೊತ್ತ ಕಂಪೆನಿಯ ಯುದ್ಧಪದಕ ಇದು. ಆ ಅಕ್ಷರಗಳು ಕನ್ನಡನಾಡಿನ ರೈತರನ್ನು ಅಡಗಿಸಿದುದರ ಗುರುತಾಗಿ ಬಂದವೆಂಬುದೂ ಮರೆಯತಕ್ಕದ್ದಲ್ಲ. ದಂಗೆಯ ನಾಯಕರಲ್ಲೊಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯು 2022ರಲ್ಲಿ ಅದೇ ಬಾವುಟಗುಡ್ಡದಲ್ಲಿ ಅನಾವರಣಗೊಂಡಿತು. ಈ ಪದಕವು ಅತಿ ದುರ್ಲಭವಾದುದರಿಂದ, ಯಾರಾದರೂ ಸಂತೆಯಲ್ಲಿ ಇದನ್ನು ಅಗ್ಗಕ್ಕೆ ಕೊಡುತ್ತೇನೆಂದರೆ, ಬೆಲೆ ಕೇಳುವುದಕ್ಕೆ ಮೊದಲು ಅದರ ಸಾಚಾತನವನ್ನು ಸಂದೇಹಿಸಬೇಕು.

ಹೀಗೆ ಮಾತು ಪರೀಕ್ಷೆಯ ವಿಷಯಕ್ಕೆ ಬಂದಿತು. ಪುರಾತನ ಪದಕವೆಂದು ಮಾರಾಟಕ್ಕೆ ಬರುವ ವಸ್ತುಗಳಲ್ಲಿ ಮೂರು ವರ್ಗಗಳನ್ನು ಬೇರ್ಪಡಿಸಿಕೊಳ್ಳಬೇಕು: ಆ ಕಾಲದ ಅಚ್ಚಿನಿಂದ ಆ ಕಾಲದಲ್ಲಿಯೇ ಒತ್ತಿದ್ದು, ಹಳೆಯ ಅಚ್ಚಿನಿಂದಲೇ ಬಹುಕಾಲದ ತರುವಾಯ ಮತ್ತೆ ಒತ್ತಿದ್ದು, ಮತ್ತು ಎರಕದ ನಕಲು. ಎರಡನೆಯ ವರ್ಗದಲ್ಲಿ ಮೋಸವಿರಲೇಬೇಕೆಂದಿಲ್ಲ. ಪ್ಯಾರಿಸ್ಸಿನ ಟಂಕಸಾಲೆಯು ಲೂಯಿ ರಾಜನ ಪದಕಗಳನ್ನು ಬಹಿರಂಗವಾಗಿಯೇ ಮರುಮುದ್ರಿಸುತ್ತ ಬಂದಿದ್ದು, 1832ರಿಂದೀಚೆಗೆ ಬಿಲ್ಲೆಯ ಅಂಚಿನ ಮೇಲೆ ಕಾಲಸೂಚಕವಾದ ಪುಟ್ಟ ಚಿಹ್ನೆಯನ್ನು ಒತ್ತುವ ಪದ್ಧತಿಯನ್ನು ಇಟ್ಟುಕೊಂಡಿತು: ಮೊದಲು ದೀಪ, ಆಮೇಲೆ ಲಂಗರು, ಹಡಗಿನ ಮೂತಿ, 1845ರಿಂದ 1860ರವರೆಗೆ ಬೆರಳು ತೋರುವ ಕೈ, ಮುಂದೆ 1879ರವರೆಗೆ ಜೇನುನೊಣ, 1880ರಿಂದ ಧಾನ್ಯಫಲಗಳು ತುಂಬಿದ ಕೊಂಬು. ಜೇನುನೊಣವಿರುವ ಪದಕವನ್ನು ಹದಿನೇಳನೆಯ ಶತಮಾನದ್ದೆಂದು ಕೊಂಡವನು ಅಂಚನ್ನು ನೋಡಲಿಲ್ಲವೆಂದೇ ಅರ್ಥ. ಸೊಹೊ ಟಂಕಸಾಲೆಯ ಸರಂಜಾಮು 1850ರಲ್ಲಿ ಹರಾಜಾದಾಗ ಅನೇಕ ಅಚ್ಚುಗಳು ಡಬ್ಲ್ಯು. ಜೆ. ಟೇಲರ್ ಎಂಬವನ ಕೈಸೇರಿದವು. ಆತನು ಅವುಗಳಿಂದ ಸಂಗ್ರಾಹಕರಿಗಾಗಿ ಮತ್ತೆ ಒತ್ತಿದನು. ತುಕ್ಕು ಹಿಡಿದ ಅಚ್ಚಿನಿಂದ ಒತ್ತಿದ ಬಿಲ್ಲೆಯ ಬಯಲುಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳಂತಹ ಉಬ್ಬುಗಳು ಕಾಣುತ್ತವೆ. ಭೂತಗನ್ನಡಿಯಲ್ಲಿ ಇವನ್ನು ಗುರುತಿಸುವುದನ್ನು ಕಲಿಯಬೇಕು.

ಎರಕದ ನಕಲನ್ನು ಹಿಡಿಯುವುದು ಇದಕ್ಕಿಂತ ಸುಲಭ. ಕಾದ ಲೋಹವು ಆರುವಾಗ ಕುಗ್ಗುವುದರಿಂದ, ಮೂಲ ಪದಕವನ್ನೇ ಅಚ್ಚಾಗಿ ಇಟ್ಟು ಎರೆದ ನಕಲು ಮೂಲಕ್ಕಿಂತ ನೂರಕ್ಕೆ ಒಂದೆರಡು ಪಾಲು ಚಿಕ್ಕದಾಗುತ್ತದೆ. 48 ಮಿಲಿಮೀಟರ್ ಇರಬೇಕಾದದ್ದು 47ರ ಆಸುಪಾಸಿಗೆ ಬಂದಿದ್ದರೆ, ಕಲ್ಕತ್ತೆಯ ಅಚ್ಚಿನ ಲಕ್ಷಣಗಳೂ ಇಲ್ಲದಿದ್ದರೆ, ಸಂಶಯಕ್ಕೆ ಎಡೆಯುಂಟು. ಒತ್ತಿದ ಅಕ್ಷರದ ಅಂಚು ಚೂಪಾಗಿ ನೆಲದಿಂದ ಎದ್ದುನಿಲ್ಲುತ್ತದೆ. ಎರಕದ ಅಕ್ಷರ ಸಾಬೂನಿನ ಮೇಲಿನ ಅಕ್ಷರದಂತೆ ಮೊಂಡಾಗಿರುತ್ತದೆ. ಬಿಲ್ಲೆಯ ಸುತ್ತಲಿನ ಅಂಚಿನಲ್ಲಿ ಅರದ ಗೀರುಗಳೋ ಜೋಡಣೆಯ ಗೆರೆಯೋ ಇದ್ದರೆ ಮುಂದಿನ ಪರೀಕ್ಷೆ ಬೇಕಿಲ್ಲ.

ಲೋಹದ ವಿಷಯದಲ್ಲಿ ನಮ್ಮವರು ಮಾಡುವ ಮೊದಲ ಕೆಲಸ ಪದಕವನ್ನು ಚಿನಿವಾರನ ಅಂಗಡಿಗೆ ಕೊಂಡೊಯ್ಯುವುದು. ಆತನು ಮಾಡುವ ಮೊದಲ ಕೆಲಸ ಅದನ್ನು ಒರೆಗಲ್ಲಿಗೆ ಉಜ್ಜುವುದು. ದಯವಿಟ್ಟು ಇದಕ್ಕೆ ಅವಕಾಶ ಕೊಡಬೇಡಿ. ಇನ್ನೂರು ವರ್ಷ ಉಳಿದುಬಂದ ಅಂಚನ್ನು ಒಂದು ಕ್ಷಣದಲ್ಲಿ ಕೆಡಿಸುವ ಪರೀಕ್ಷೆ ಅದು. ಆತನ ಅಂಗಡಿಯ ತಕ್ಕಡಿಯನ್ನು ಮಾತ್ರ ಬಳಸಿಕೊಂಡು ಆರ್ಕಿಮಿಡೀಸನ ಉಪಾಯದಿಂದಲೇ ಸಾಕಷ್ಟನ್ನು ತಿಳಿಯಬಹುದು. ಬಿಲ್ಲೆಯನ್ನು ಒಣಗಿದ ಸ್ಥಿತಿಯಲ್ಲಿ ತೂಗಿ ಬರೆದುಕೊಳ್ಳಿ. ಆಮೇಲೆ ತೆಳುವಾದ ದಾರದಲ್ಲಿ ಇಳಿಬಿಟ್ಟು, ಪಾತ್ರೆಯ ತಳಕ್ಕೂ ಬದಿಗೂ ತಾಗದಂತೆ ಶುದ್ಧವಾದ ನೀರಿನಲ್ಲಿ ಮುಳುಗಿಸಿ ತೂಗಿ. ಒಣತೂಕವನ್ನು, ನೀರಿನಲ್ಲಿ ಕಡಮೆಯಾದ ತೂಕದಿಂದ ಭಾಗಿಸಿ. ಉತ್ತರ 10.3ರ ಹತ್ತಿರ ಬಂದರೆ ಒಳ್ಳೆಯ ಬೆಳ್ಳಿ, 8.8ರ ಹತ್ತಿರ ಕಂಚು, 7.3 ತವರ. ಬೆಳ್ಳಿಯೆಂದು ಹೇಳಿದ್ದು 8.7 ತೋರಿಸಿದರೆ ಅದು ಜರ್ಮನ್ ಸಿಲ್ವರ್ ಇರಬಹುದು. ತವರದ ವಿಷಯದಲ್ಲಿ ಒಂದು ಎಚ್ಚರಿಕೆ: ಸತುವಿನ ಸಾಂದ್ರತೆ 7.1 ಆದದ್ದರಿಂದ ಈಚಿನ ಸತುಮಿಶ್ರಲೋಹದ ನಕಲನ್ನು ಕೇವಲ ತೂಕದಿಂದ ಹಿಡಿಯಲಾಗದು. ಬಣ್ಣ, ಮೃದುತ್ವ, ಅಕ್ಷರದ ಚೂಪು ಇವೆಲ್ಲವನ್ನೂ ಕೂಡಿಸಿ ನೋಡಬೇಕು.

ಹೋಲಿಸಿ ನೋಡುವುದಕ್ಕೆ ಪ್ರಮಾಣಗ್ರಂಥಗಳು ಬೇಕು. 1760ಕ್ಕೆ ಹಿಂದಿನ ಇಂಗ್ಲೆಂಡಿನ ಪದಕಗಳಿಗೆ ಹಾಕಿನ್ಸನು ಸಿದ್ಧಪಡಿಸಿ ಫ್ರಾಂಕ್ಸ್ ಮತ್ತು ಗ್ರೂಬರ್ ಸಂಪಾದಿಸಿದ, 1885ರಲ್ಲಿ ಹೊರಬಂದ ಎರಡು ಸಂಪುಟಗಳು ಇಂದಿಗೂ ಆಧಾರ. ಅಲ್ಲಿಂದ ಮುಂದಿನವುಗಳಿಗೆ ಲಾರೆನ್ಸ್ ಬ್ರೌನನ ಪಟ್ಟಿ. ಭಾರತಕ್ಕೆ ಸಂಬಂಧಿಸಿದ ಪದಕಗಳಿಗೆ ರಾಬರ್ಟ್ ಪಡೆಸ್ಟರನು 2002ರಲ್ಲಿ ಪ್ರಕಟಿಸಿದ ಗ್ರಂಥ. ಪುಸ್ತಕದ ಬೆಲೆ ಹೆಚ್ಚಾಯಿತೆಂದು ಹಿಂಜರಿಯುವವನು ಪದಕ ಕೊಳ್ಳುವುದನ್ನೇ ಒಂದು ವರ್ಷ ಮುಂದೂಡಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವರೂ ಅಲ್ಲಿಯ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದವರೂ ತಮ್ಮಲ್ಲಿರುವ ಪದಕಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿರುವುದು ಹಳ್ಳಿಯಲ್ಲಿ ಕುಳಿತವನಿಗೆ ದೊಡ್ಡ ಉಪಕಾರ. ಶ್ರೀರಂಗಪಟ್ಟಣದ ದರಿಯಾದೌಲತ್ ಅರಮನೆಗೂ ಒಮ್ಮೆ ಹೋಗಿಬರಬೇಕು. ಅಲ್ಲಿಯ ಪಶ್ಚಿಮದ ಗೋಡೆಯ ಮೇಲೆ, 1780ರಲ್ಲಿ ಹೈದರ್ ಮತ್ತು ಟಿಪ್ಪು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಮುರಿದ ಯುದ್ಧವು ವಿಸ್ತಾರವಾದ ವರ್ಣಚಿತ್ರವಾಗಿ ನಿಂತಿದೆ. ಮೈಸೂರಿನವರು ತಮ್ಮ ಗೆಲವನ್ನು ಗೋಡೆಗೆ ಬರೆಸಿದರು, ಕಂಪೆನಿಯವರು ಲೋಹಕ್ಕೆ ಒತ್ತಿಸಿದರು; ಎರಡೂ ಗೆದ್ದವರ ಮಾತುಗಳೇ, ಎರಡನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಇನ್ನು ನಮ್ಮ ಸೀಮೆಯ ವಿಶೇಷವಾದ ಅಪಾಯಗಳನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. ಮನೆಯ ಪಾಯ ತೆಗೆಯುವಾಗ ಹಂಡೆ ಸಿಕ್ಕಿತು, ಮಾರಲು ದಾರಿ ತಿಳಿಯದು, ನಿಮ್ಮಂತಹ ತಿಳಿದವರಿಗೆ ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಹೇಳಿಕೊಂಡು ಬರುವವರ ಕಥೆಗಳನ್ನು ಪತ್ರಿಕೆಗಳಲ್ಲಿ ಓದದವರಿಲ್ಲ. ಅವರು ಮೊದಲು ತೋರಿಸುವ ಒಂದೆರಡು ತುಣುಕುಗಳು ನಿಜವಾದ ಚಿನ್ನವೇ ಆಗಿರುತ್ತವೆ, ಹಣ ಕೊಟ್ಟ ಮೇಲೆ ಕೈಗೆ ಬರುವ ಗಂಟು ಮಾತ್ರ ಹಿತ್ತಾಳೆ. ಕಂಪೆನಿಯ ಕಾಲದ ತಾಮ್ರಕ್ಕೆ ಅಕ್ಕಿಯನ್ನು ಸೆಳೆಯುವ ಶಕ್ತಿಯಿದೆಯೆಂದೂ ಅದನ್ನು ಕೋಟಿಗಟ್ಟಲೆ ರೂಪಾಯಿಗೆ ಕೊಳ್ಳುವವರಿದ್ದಾರೆಂದೂ ನಂಬಿಸುವ ರೈಸ್ ಪುಲ್ಲಿಂಗ್ ಎಂಬ ವಂಚನೆಯೂ ಇದರ ಸೋದರನೇ. ರಾಮಲಕ್ಷ್ಮಣರ ಅಥವಾ ಹನುಮಂತನ ಚಿತ್ರದೊಡನೆ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818ರಂತಹ ಇಸವಿಯೂ ಇರುವ ಬಿಲ್ಲೆಗಳಾದರೋ ಜಾತ್ರೆಯ ಅಂಗಡಿಗಳಿಗಾಗಿ ಹುಟ್ಟಿದವು; ಕಂಪೆನಿಯು ಅಂತಹ ನಾಣ್ಯವನ್ನಾಗಲಿ ಪದಕವನ್ನಾಗಲಿ ಹೊರಡಿಸಿದ್ದೇ ಇಲ್ಲ. ದೇವರ ಮನೆಯಲ್ಲಿಟ್ಟು ಪೂಜಿಸುವವರಿಗೆ ನನ್ನ ಆಕ್ಷೇಪವಿಲ್ಲ, ಪುರಾತನ ವಸ್ತುವೆಂದು ಹಣ ತೆರಬಾರದು ಅಷ್ಟೆ. ಹೆಸರಾಂತ ಹರಾಜುಸಂಸ್ಥೆಯಿಂದಲೋ ಪರವಾನಗಿಯುಳ್ಳ ವ್ಯಾಪಾರಿಯಿಂದಲೋ ರಸೀತಿಯೊಡನೆ ಕೊಂಡದ್ದು, ಎರಡು ಕಾಸು ಹೆಚ್ಚಾದರೂ, ಕೊನೆಗೆ ಅಗ್ಗವಾಗಿಯೇ ಪರಿಣಮಿಸುತ್ತದೆ.

ಕಾನೂನಿನ ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ ಇಂತಹ ವಸ್ತು ಪ್ರಾಚ್ಯವಸ್ತುವಾಗುತ್ತದೆ. ಅದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಅದರ ವ್ಯಾಪಾರ ಮಾಡುವುದಕ್ಕೆ ಪರವಾನಗಿ ಬೇಕು, ಖಾಸಗಿ ವ್ಯಕ್ತಿಯು ಅದನ್ನು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಉಡುಗೊರೆಯೆಂದು ಪೆಟ್ಟಿಗೆಯಲ್ಲಿ ಹಾಕಿಕೊಡುವ ತಂದೆತಾಯಿಗಳು ಇದನ್ನು ಚೆನ್ನಾಗಿ ನೆನಪಿಡಬೇಕು. ನೆಲದೊಳಗೆ ಸಿಕ್ಕಿದ ನಿಧಿಯನ್ನು ಕಂಡವನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆಯೂ ಉಂಟು. ಹುತ್ರಿದುರ್ಗಕ್ಕೋ ಸಾವನದುರ್ಗಕ್ಕೋ ಹೋದಾಗ ಗುಂಡು, ಬಿಲ್ಲೆ ಸಿಕ್ಕೀತೆಂದು ಲೋಹಶೋಧಕ ಯಂತ್ರವನ್ನು ಹಿಡಿದುಕೊಂಡು ಮಣ್ಣು ಕೆದಕುವುದು ಕಾನೂನಿಗೂ ಚರಿತ್ರೆಗೂ ಒಟ್ಟಿಗೆ ಮಾಡುವ ದ್ರೋಹ. ಕೋಟೆಯನ್ನು ನೋಡುವುದಕ್ಕೆ ಹೋಗಬೇಕು: ಬಂಡೆಯ ಕಡಿದಾದ ಇಳಿಜಾರು, ಒಂದರ ಮೇಲೊಂದು ಏರುವ ಗೋಡೆಗಳು, ಬಾಗಿಲುಗಳ ಇಕ್ಕಟ್ಟು ಇವನ್ನು ಕಂಡುಬಂದ ಮೇಲೆ, ಫಿರಂಗಿಯ ಮೇಲೆ ಕಾಲಿಟ್ಟು ನಿರಾಯಾಸವಾಗಿ ನಿಂತ ಪದಕದ ಸಿಪಾಯಿಯನ್ನು ಹಿಂದಿನಂತೆ ನೋಡಲಾಗುವುದಿಲ್ಲ. ಬೆಂಗಳೂರಿನ ಕೋಟೆಯಲ್ಲಿಯೂ, 1791ರ ಮಾರ್ಚ್ 21ರ ಲಗ್ಗೆ ನಡೆದ ಸ್ಥಳವನ್ನು ತೋರಿಸುವ ಕಲ್ಲೊಂದು ಗೋಡೆಯಲ್ಲಿದೆ. ಮಾರುಕಟ್ಟೆಯ ಗದ್ದಲದ ನಡುವೆ ಅದನ್ನು ಹುಡುಕಿ ಓದುವವರು ಕಡಮೆ.

ಪದಕವನ್ನು ಮನೆಗೆ ತಂದ ಮೇಲೆ ಅದಕ್ಕೆ ಒದಗುವ ಮೊದಲ ವಿಪತ್ತು ಮನೆಯವರ ಶುಚಿಪ್ರಿಯತೆ. ಹಬ್ಬದ ಹಿಂದಿನ ದಿನ ದೀಪದ ಕಂಬಗಳೊಡನೆ ಕಂಚಿನ ಪದಕವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳಿಸುವಂತೆ ಮಾಡಿಟ್ಟರೆ, ಎರಡು ಶತಮಾನಗಳಲ್ಲಿ ಅದರ ಮೇಲೆ ಕೂಡಿದ ಕಂದುಬಣ್ಣದ ಪೊರೆ, ಅದರೊಡನೆ ಬೆಲೆಯ ಬಹುಭಾಗ, ಚರಂಡಿಗೆ ಹರಿದುಹೋಗುತ್ತದೆ. ಬೆಳ್ಳಿಗೆ ಪಾಲಿಷ್ ಪುಡಿಯೂ ಬೇಡ. ಧೂಳಿದ್ದರೆ ಮೆತ್ತನೆಯ ಬ್ರಷ್ ಸಾಕು. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಬೇಕು, ಕೆಳಗೆ ದಪ್ಪನಾದ ಬಟ್ಟೆ ಹಾಸಿರಬೇಕು. ತವರದ ಪದಕವನ್ನು ಒಮ್ಮೆ ಗಾರೆಯ ನೆಲಕ್ಕೆ ಬೀಳಿಸಿದರೆ ಅದರ ಅಂಚು ಮತ್ತೆ ಮೊದಲಿನಂತಾಗದು. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಗಳು ಕಾಲಕ್ರಮದಲ್ಲಿ ಆಮ್ಲವನ್ನು ಬಿಡುಗಡೆ ಮಾಡಿ ಲೋಹದ ಮೇಲೆ ಹಸಿರು ಜಿಗುಟನ್ನು ಉಂಟುಮಾಡುತ್ತವೆ. ಪಾಲಿಯೆಸ್ಟರ್ ಹಾಳೆಯ ಚೀಲವನ್ನೋ ಆಮ್ಲರಹಿತವಾದ ಕಾಗದದ ಲಕೋಟೆಯನ್ನೋ ಉಪಯೋಗಿಸಿ. ಹೊಸ ಮರದ ಪೆಟ್ಟಿಗೆಯ ಆವಿಯೂ ಸೀಸ, ತವರಗಳಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಇಟ್ಟು ಆಗಾಗ ಬದಲಾಯಿಸುವುದು ಸಾಕು. ತವರವು ಅತಿಶೀತದಲ್ಲಿ ಬೂದಿಯಾಗಿ ಉದುರುವ ರೋಗದ ವಿಷಯ ಯೂರೋಪಿನ ಪುಸ್ತಕಗಳಲ್ಲಿ ಕಂಡು ಕೆಲವರು ಹೆದರುತ್ತಾರೆ. ತುಮಕೂರಿನ ಹವೆಯಲ್ಲಿ ಆ ಭಯ ಅನಾವಶ್ಯಕ.

ಕೊನೆಯದಾಗಿ ದಾಖಲೆಯ ಪುಸ್ತಕ. ಪ್ರತಿಯೊಂದು ಪದಕಕ್ಕೂ ಒಂದು ಪುಟ ಮೀಸಲಿಟ್ಟು, ವ್ಯಾಸ, ತೂಕ, ಸಾಂದ್ರತೆ, ಲೋಹ, ಎರಡೂ ಬದಿಗಳ ವರ್ಣನೆ, ಲೇಖಗಳ ಪಾಠ, ಪ್ರಮಾಣಗ್ರಂಥದ ಸಂಖ್ಯೆ, ಯಾರಿಂದ ಎಂದು ಎಷ್ಟಕ್ಕೆ ಕೊಂಡದ್ದು, ಅದಕ್ಕೆ ಹಿಂದೆ ಯಾರ ಬಳಿ ಇತ್ತು, ಇವಿಷ್ಟನ್ನೂ ಬರೆದು ರಸೀತಿಯನ್ನು ಅಲ್ಲಿಯೇ ಅಂಟಿಸಬೇಕು. ಅದರ ಎದುರಿನ ಪುಟವನ್ನು, ಆ ಯುದ್ಧವನ್ನು ಕುರಿತು ಪದಕವು ಹೇಳದೆ ಬಿಟ್ಟ ಸಂಗತಿಗಳಿಗಾಗಿ, ಖಾಲಿ ಇಡುವುದು ನನ್ನ ಪದ್ಧತಿ. ಕಾರ್ನ್‌ವಾಲಿಸ್ ಪದಕದ ಎದುರಿಗೆ ಸಂಧಿಯ ಷರತ್ತುಗಳು ಬಂದುವು, ಕೊಡಗಿನ ಪದಕದ ಛಾಯಾಚಿತ್ರದ ಎದುರಿಗೆ ಬಾವುಟಗುಡ್ಡ ಬಂದಿತು. ಈ ಪುಸ್ತಕವು ಎಲ್ಲಿದೆಯೆಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಟ್ಟಿರಬೇಕು, ಇಲ್ಲವಾದರೆ ಸಂಗ್ರಾಹಕನ ತರುವಾಯ ಬೆಳ್ಳಿಯ ಪದಕಗಳು ತೂಕಕ್ಕೆ ಮಾರಾಟವಾಗಿ ಮೂಸೆಗೆ ಹೋಗುತ್ತವೆ, ತವರದವು ಕಲಾಯಿಯವನ ಪಾಲಾಗುತ್ತವೆ. ಮಕ್ಕಳಿಗೆ ಆಸಕ್ತಿಯಿಲ್ಲವೆಂದು ಕಂಡುಬಂದಲ್ಲಿ, ಸರ್ಕಾರದ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗಕ್ಕೋ ಪದಕಗಳನ್ನು ದಾಖಲೆಯ ಪುಸ್ತಕದ ಸಮೇತ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಲಿಖಿತವಾದ ಸ್ವೀಕೃತಿಯನ್ನು ಪಡೆಯತಕ್ಕದ್ದು.